ಪರೇಲಿನ ಮಹಾನುಭಾವ ಹಾಫ್ಕಿನ್

ಮುಂಬೈಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಪರೇಲಿನ ಹಾಫ್ಕಿನ್ ಸಂಸ್ಥೆಯ ಹೆಸರನ್ನು ಕೇಳದವರು ವಿರಳ. ದಿನವೂ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವ ನಾವು, ಹೆಸರಿನ ಹಿಂದಿನ ಮನುಷ್ಯ ಯಾರೆಂದು ಬಹುಕಾಲ ವಿಚಾರಿಸಿರಲಿಲ್ಲ. ತಿಳಿದ ಮೇಲೆ, ನಮ್ಮ ಹುಬ್ಬಳ್ಳಿಗೂ ಅವರಿಗೂ ಇದ್ದ ಋಣಾನುಬಂಧವನ್ನು ಕಂಡು ಬೆರಗಾದೆವು. ನಾಡಹಬ್ಬದ ಈ ಶುಭಸಂದರ್ಭದಲ್ಲಿ ಆ ಕಥೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ವಾಲ್ಡೆಮಾರ್ ಹಾಫ್ಕಿನ್ ಅವರು 1860ರಲ್ಲಿ ರಷ್ಯನ್ ಸಾಮ್ರಾಜ್ಯದ ಒಡೆಸ್ಸಾ ಪಟ್ಟಣದಲ್ಲಿ, ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಯೆಹೂದಿಯಾಗಿ ಅಲ್ಲಿ ಮೇಲೇರಲು ಅವಕಾಶವಿರಲಿಲ್ಲ. ಮತ ಬಿಡಲು ಅವರು ಒಪ್ಪಲಿಲ್ಲ. ಪ್ಯಾರಿಸಿಗೆ ಹೋಗಿ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಸಹಾಯಕರಾಗಿ ಸೇರಿದರು. ಬಿಡುವಿನಲ್ಲಿ ಸಂಶೋಧನೆ ನಡೆಸಿ ಕಾಲರಾಕ್ಕೆ ಲಸಿಕೆ ಸಿದ್ಧಪಡಿಸಿ, 1892ರಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಸಹಸ್ರಾರು ಜನರಿಗೆ ಅದನ್ನು ಹಾಕಿದರು.

1896ರಲ್ಲಿ ಮುಂಬೈಗೆ ಪ್ಲೇಗು ಬಂದಿತು. ಊರು ಬಿಟ್ಟು ಜನ ಓಡತೊಡಗಿದರು. ಹಾಫ್ಕಿನ್ನರಿಗೆ ದೊರೆತದ್ದು ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ, ಒಂದು ಓಣಿ; ಜೊತೆಗೆ ಒಬ್ಬ ಗುಮಾಸ್ತ, ಮೂವರು ಜವಾನರು. ಅವರ ಸಾಮಗ್ರಿಯೂ ಅಷ್ಟೇ ಸರಳ. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಸೀಸೆಯನ್ನು ಅಲುಗಿಸದೆ ಇಟ್ಟರೆ, ಪ್ಲೇಗಿನ ಜೀವಾಣುಗಳು ತುಪ್ಪದಿಂದ ಕೆಳಕ್ಕೆ ಗುಹೆಯ ಛಾವಣಿಯ ಸುಣ್ಣದ ಕೋಡುಗಳಂತೆ ಇಳಿಬೀಳುತ್ತಿದ್ದವು. ಹಾಗೆ ಇಳಿಬಿದ್ದರೆ ಅದು ಪ್ಲೇಗೇ ಎಂದು ಗುರುತಿಸಬಹುದಿತ್ತು. ಹೀಗೆ ರೋಗಾಣುವಿನ ಪರೀಕ್ಷೆಗೂ ಲಸಿಕೆಯ ಬೆಳೆಗೂ ನಮ್ಮ ಅಡಿಗೆಮನೆಯ ತುಪ್ಪವೇ ಒದಗಿತು! ಆ ಬೆಳೆಯನ್ನು ಕಾಯಿಸಿ ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಮತ್ತೆ ತಮ್ಮ ಮೈಮೇಲೆಯೇ ಪ್ರಯೋಗ. ಆ ತಿಂಗಳೇ ಬೈಕುಲ್ಲಾ ಸೆರೆಮನೆಯಲ್ಲಿ ಒಪ್ಪಿದ ಕೈದಿಗಳಿಗೆ ಚುಚ್ಚಿದಾಗ, ಚುಚ್ಚಿಸಿಕೊಳ್ಳದವರಿಗಿಂತ ಅವರಲ್ಲಿ ರೋಗ ಬಹಳ ಕಡಿಮೆಯಾಯಿತು.

ಆಗ ಹುಬ್ಬಳ್ಳಿ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. 1898ರಲ್ಲಿ ಪ್ಲೇಗು ಅಲ್ಲಿಗೂ ತಲುಪಿದಾಗ ಮುಂಬೈಯ ಲಸಿಕೆ ದೊಡ್ಡ ಪ್ರಮಾಣದಲ್ಲಿ ಅಲ್ಲಿ ಬಳಕೆಯಾಯಿತು. ಇಲಿ ಸತ್ತೊಡನೆ ಮನೆಗೆ ಬೀಗ ಹಾಕಿ ಹೊಲದ ಗುಡಿಸಲುಗಳಿಗೆ ಹೋದ ಕಥೆಯನ್ನು, ಪ್ಲೇಗಮ್ಮನಿಗೆ ಹರಕೆ ಹೊತ್ತ ಕಥೆಯನ್ನು ನಮ್ಮಲ್ಲಿ ಅನೇಕರು ಹಿರಿಯರಿಂದ ಕೇಳಿಲ್ಲವೇ? 1899ರಲ್ಲಿ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂದಿತು.

ಆದರೆ ಕೀರ್ತಿಯ ಬೆನ್ನಿಗೇ ಕಷ್ಟ ಕಾದಿತ್ತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್ ಗ್ರಾಮದಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಒಂದೇ ಸೀಸೆಯಿಂದ ಪಡೆದ 19 ಮಂದಿ ಧನುರ್ವಾಯುವಿನಿಂದ ಮಡಿದರು. ವಿಚಾರಣೆ ನಡೆದು, ದೋಷ ಮುಂಬೈ ಪ್ರಯೋಗಾಲಯದ್ದೆಂದು ನಿರ್ಣಯವಾಯಿತು. ಹಾಫ್ಕಿನ್ ಕೆಲಸ ಕಳೆದುಕೊಂಡರು. ನಿಜವೇನೆಂದರೆ, ಸೀಸೆಯ ಬಿರಡೆ ತೆಗೆಯುವ ಚಿಮುಟ ಹಳ್ಳಿಯಲ್ಲಿ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಲಾಗಿತ್ತು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮಗೆ ಗೊತ್ತು: ಇನ್ನೊಬ್ಬರ ಕೈತಪ್ಪು ಒಮ್ಮೆ ಒಬ್ಬನ ಹೆಸರಿಗೆ ಬಿದ್ದರೆ ಅದನ್ನು ತಿದ್ದಿಸುವುದು ಎಂಥ ಕಷ್ಟ! ಮಲೇರಿಯಾದ ಗುಟ್ಟನ್ನು ಬಿಡಿಸಿದ ರೊನಾಲ್ಡ್ ರಾಸ್ ಮೊದಲಾದ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವರ ಪರವಾಗಿ ಬರೆದದ್ದು 1907ರಲ್ಲಿ. ಆ ವರ್ಷವೇ ಕಳಂಕ ತೊಳೆಯಿತು.

ಹಾಫ್ಕಿನ್ ಮುನಿಸಿಲ್ಲದೆ ಭಾರತಕ್ಕೆ ಮರಳಿ ಕಲಕತ್ತೆಯಲ್ಲಿ ದುಡಿದರು. ಆದರೆ ಜನಕ್ಕೆ ದೊಡ್ಡ ಪ್ರಮಾಣದಲ್ಲಿ ಲಸಿಕೆ ಹಾಕುವ ಪ್ರಯೋಗಕ್ಕೆ ಅವರನ್ನು ಬಿಡಲಿಲ್ಲ. 1925ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರಿಡಲಾಯಿತು. ಅಷ್ಟರಲ್ಲಿ ಎರಡೂವರೆ ಕೋಟಿಗೂ ಮೀರಿ ಪ್ಲೇಗು ಲಸಿಕೆಗಳು ಮುಂಬೈಯಿಂದ ಹೋಗಿದ್ದವು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವಿವಾಹಿತರಾಗಿಯೇ ತೀರಿಕೊಂಡರು.

ಪರನಾಡಿನಲ್ಲಿ ಬದುಕುವ ನಾವು ನೆಲೆಸಿದ ಊರಿಗೆ ಏನು ಕೊಟ್ಟೆವೆಂದು ಆಗಾಗ್ಗೆ ಕೇಳಿಕೊಳ್ಳಬೇಕು. ಈ ಪರದೇಶಿ ಕೊಟ್ಟದ್ದು ಜೀವದಾನ. ಮುಂದಿನ ಸಲ ಪರೇಲಿನಲ್ಲಿ ಬಸ್ಸು ನಿಂತಾಗ ಮಕ್ಕಳಿಗೆ ಆ ಹೆಸರಿನ ಕಥೆಯನ್ನು ಹೇಳೋಣ.