ಬೆಂಕಿ ಹಚ್ಚದೆ ಮನೆ ಬಿಸಿ ಮಾಡಿದ ಜಾನ್ ಪ್ಯಾಂ

ಸೌದಿಯಲ್ಲಿ ಚಳಿಯೇ ಇಲ್ಲ ಅಂತ ಊರಲ್ಲಿ ಎಲ್ಲರೂ ತಿಳಿದಿದ್ದಾರೆ. ತಬೂಕ್ ಕಡೆ ಜನವರಿಯಲ್ಲಿ ಕೆಲಸ ಮಾಡಿದವರನ್ನು ಕೇಳಬೇಕು. ಕಳೆದ ಚಳಿಗಾಲ ನಮ್ಮ ಕ್ಯಾಂಪಿನ ರೂಮಿನಲ್ಲಿ ಒಂದೇ ಬೋರ್ಡಿಗೆ ಎರಡು ಹೀಟರ್ ಹಾಕಿ ಬ್ರೇಕರ್ ಟ್ರಿಪ್ ಆಗೋದು, ಎಲೆಕ್ಟ್ರಿಶಿಯನ್ ಅಂತ ನನ್ನನ್ನೇ ಎಬ್ಬಿಸೋದು ದಿನಾ ಇತ್ತು. ಹಾಗೆ ನಿದ್ದೆ ಕೆಟ್ಟ ಒಂದು ರಾತ್ರಿ ಮೊಬೈಲಿನಲ್ಲಿ ಓದುತ್ತಾ ಸಿಕ್ಕಿದವರು ಜಾನ್ ಪ್ಯಾಂ. ಐಟಿಐ ಸರ್ಟಿಫಿಕೇಟ್ ಹಿಡಿದು ಬಂದ ನನ್ನಂಥವರಿಗೆ ತಿಳಿದಿರಬೇಕಾದ ಜೀವನ ಅವರದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪ್ಯಾಂ ಕಾಲೇಜಿನಲ್ಲಿ ಕಲಿತ ವಿಜ್ಞಾನಿ ಅಲ್ಲ, ಕೈಯಿಂದ ಮಾಡಿ ಮಾಡಿ ಕಲಿತವರು. 1960ರ ದಶಕದಲ್ಲಿ ಹೆಂಡತಿ ಇಡಾ ಜೊತೆ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ, ವಿಲ್‌ಕ್ರೋಜ್ ಅನ್ನುವ ಊರಿನ ಬಳಿ, 241 ಹೆಕ್ಟೇರ್ ಅಂದರೆ ಸುಮಾರು 600 ಎಕರೆ ಕಾಡಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಅಲ್ಲಿ ಬೇಸಿಗೆ ಅಂದರೆ ಒಣಗಿದ ಕುರುಚಲು, ಕಾಳ್ಗಿಚ್ಚಿನ ಭಯ. ನಮ್ಮ ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡುವ ಹಾಗೆ ಅವರೂ ಪಟ್ಟೆ ಪಟ್ಟೆಯಾಗಿ ಕುರುಚಲು ಕಡಿದು, ಬೆಂಕಿ ಆರಿಸಲು ನೀರು ತುಂಬಿಸಿ ಇಡಬೇಕಿತ್ತು.

ಕಡಿದ ರಾಶಿಯನ್ನು ಏನು ಮಾಡೋದು? ಬಿಟ್ಟರೆ ಬೆಂಕಿಗೆ ಆಹಾರ, ಸುಡಲು ಹೋದರೆ ಅದೇ ಅಪಾಯ. ಪ್ಯಾಂ ಅದನ್ನು ಯಂತ್ರಕ್ಕೆ ಕೊಟ್ಟು ಸಣ್ಣ ಚೂರು ಮಾಡಿ, ನೀರಿನಲ್ಲಿ ನೆನೆಸಿ, ಗುಡ್ಡೆ ಹಾಕಿ ಕೊಳೆಸಿದರು. ಚೂರು ಮಾಡುವ ಯಂತ್ರವನ್ನೂ ತಾವೇ ಕಟ್ಟಿಕೊಂಡರು. ಮೊದಲು ಬೇಕಾಗಿದ್ದು ಗೊಬ್ಬರ ಮಾತ್ರ. ಆ ಗೊಬ್ಬರ ನೀರು ಹಿಡಿದಿಟ್ಟುಕೊಳ್ಳುತ್ತಿತ್ತು. ಒಣ ನೆಲದಲ್ಲಿ ಅವರು ಬೆಳೆದ ತರಕಾರಿ ನೋಡಲು ಜನ ಬರತೊಡಗಿದರು. 1972ರಲ್ಲಿ ಗಂಡ ಹೆಂಡತಿ ಸೇರಿ ಇದರ ಬಗ್ಗೆ ಪುಸ್ತಕವನ್ನೇ ಹೊರತಂದರು.

ಊರಿನ ಗೊಬ್ಬರಗುಂಡಿಯನ್ನು ಬೆಳಿಗ್ಗೆ ಕೆದಕಿದಾಗ ಹಬೆ ಏಳುವುದನ್ನು ನಾವೆಲ್ಲ ನೋಡಿದ್ದೇವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸೊಪ್ಪು ಕಟ್ಟಿಗೆ ತಿನ್ನುವಾಗ ಹೊರಬರುವ ಶಾಖ ಅದು. ಒಲೆಗೆ ಹಾಕಿದರೆ ಒಂದು ಗಂಟೆಯಲ್ಲಿ ಉರಿದು ಹೋಗುವ ಕಟ್ಟಿಗೆ ಇಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಬಿಸಿ ಕೊಡುತ್ತದೆ, ಕೊನೆಗೆ ಬೂದಿಯ ಬದಲು ಗೊಬ್ಬರ ಉಳಿಯುತ್ತದೆ. ಈ ಹಬೆಯನ್ನು ಸುಮ್ಮನೆ ಹೋಗಲು ಬಿಡಬಾರದು ಅಂತ ಪ್ಯಾಂ ಹೊರಟರು.

ಅವರು ಕಟ್ಟಿದ ಗುಡ್ಡೆ ಸುಮಾರು 50 ಟನ್. ಎತ್ತರ 3 ಮೀಟರ್, ಅಗಲ 6 ಮೀಟರ್. ಒಳಗೆ 200 ಮೀಟರ್ ಪೈಪು ಸುತ್ತಿ ನೀರು ಹಾಯಿಸಿದರು. 10 ಡಿಗ್ರಿಯಲ್ಲಿ ಒಳಗೆ ಹೋದ ನೀರು 60 ಡಿಗ್ರಿಯಾಗಿ, ನಿಮಿಷಕ್ಕೆ 4 ಲೀಟರಿನಂತೆ ಹೊರಬಂತು ಅಂತ ಅವರ ಲೆಕ್ಕ. ನಾನು ಹಾಕಿ ನೋಡಿದೆ, ಸುಮಾರು 14 ಕಿಲೋವಾಟ್ ಆಗುತ್ತದೆ. 2 ಕಿಲೋವಾಟಿನ ಏಳು ಗೀಸರ್! ಗುಡ್ಡೆ ಹದಿನೆಂಟು ತಿಂಗಳವರೆಗೂ ಬಿಸಿ ಇರುತ್ತಿತ್ತು. ಆದರೆ ಅಷ್ಟೂ ದಿನ ಹಗಲು ರಾತ್ರಿ 14 ಕಿಲೋವಾಟ್ ಬಂತು ಅಂತ ತಿಳಿಯಬಾರದು. ಹಸಿ ಕಟ್ಟಿಗೆಯಲ್ಲಿ ಅರ್ಧದಷ್ಟು ನೀರೇ, 50 ಟನ್‌ನಲ್ಲಿ ಅಷ್ಟು ಶಾಖ ಇರುವುದಿಲ್ಲ. ಸ್ನಾನಕ್ಕೆ, ಮನೆ ಬೆಚ್ಚಗಿಡಲು ಬೇಕಾದಾಗ ಬಳಸಿದರೆ ಸಾಲುವಷ್ಟು ಅನ್ನೋಣ.

ಗುಡ್ಡೆಯ ನಡುವೆ ಗಾಳಿಯಾಡದ ತೊಟ್ಟಿ ಇಟ್ಟು ಮೀಥೇನ್ ಅನಿಲವನ್ನೂ ತೆಗೆದರು. ನಮ್ಮ ಗೋಬರ್ ಗ್ಯಾಸಿನ ಹಾಗೆಯೇ, ಸಗಣಿ ಬದಲು ಕಟ್ಟಿಗೆ ಚೂರು. ಅನಿಲ ತುಂಬಿಡಲು ಲಾರಿ ಟೈರಿನ ಟ್ಯೂಬುಗಳು! ಅದರಲ್ಲೇ ಅಡುಗೆ ಒಲೆ, ಒಂದು ಸಣ್ಣ ಜನರೇಟರ್, ಕೊನೆಗೆ ಗಾಡಿಯೂ ಓಡಿತು.

1973ರಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದಾಗ ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. ಆ ದುಡ್ಡಿನಿಂದ ಸೌದಿಯಲ್ಲಿ ಎದ್ದ ಕೆಲಸಗಳಿಗೇ ನಮ್ಮ ಹಿಂದಿನ ತಲೆಮಾರಿನವರು ವಿಮಾನ ಹತ್ತಿದ್ದು. ಅದೇ ಬೆಲೆಯೇರಿಕೆಯಿಂದ ಚಳಿಯಲ್ಲಿ ನಡುಗಿದ ಯುರೋಪಿನವರು ಬೇರೆ ದಾರಿ ಹುಡುಕುವಾಗ ಪ್ಯಾಂ ಅವರ ಗುಡ್ಡೆ ಕಣ್ಣಿಗೆ ಬಿತ್ತು. ಬೆಲ್ಜಿಯಂನಲ್ಲಿ ಅವರ ಹೆಸರಿನಲ್ಲೇ ಒಂದು ಸಮಿತಿ ಹುಟ್ಟಿ ಕೆಲಸ ಮುಂದುವರಿಸಿತು. ಆದರೆ ಪ್ಯಾಂ 1981ರಲ್ಲೇ ತೀರಿಕೊಂಡರು. ವಯಸ್ಸು ಐವತ್ತರ ಆಸುಪಾಸು ಅಷ್ಟೇ.

ಇದನ್ನು ಓದಿದ ಮೇಲೆ ರಜೆಗೆ ಹೋದಾಗ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನಾನೂ ಮಾಡಿ ನೋಡಿದೆ. ಅಮ್ಮನಿಗೆ ಮಂಡಿನೋವು, ದಿನಾ ಹಂಡೆ ಒಲೆಗೆ ಕಟ್ಟಿಗೆ ಹೊರುವುದು ಕಷ್ಟ. ಕರೆಂಟ್ ಗೀಸರ್ ಹಾಕಿಸಿಕೊಟ್ಟಿದ್ದೇನೆ, ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ. ಅಡಿಕೆ ಸಿಪ್ಪೆ, ಸೊಪ್ಪು, ಸಗಣಿ ಸೇರಿಸಿ ಎದೆಯೆತ್ತರ ಗುಡ್ಡೆ ಮಾಡಿ ಕಪ್ಪು ಪೈಪು ಸುತ್ತಿದೆ. ವಾರದಲ್ಲಿ ಒಳಗೆ ಕೈ ಇಡಲಾಗದಷ್ಟು ಬಿಸಿ. ಅಮ್ಮ ನಾಲ್ಕು ದಿನ ಅದೇ ನೀರಿನಲ್ಲಿ ಸ್ನಾನ ಮಾಡಿ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಮೂರನೇ ವಾರಕ್ಕೆ ತಣ್ಣಗಾಯಿತು.

ತಪ್ಪು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. ಗುಡ್ಡೆ ಸಣ್ಣದಾದರೆ ಹುಟ್ಟಿದ ಬಿಸಿಯೆಲ್ಲ ಹೊರಮೈಯಿಂದ ಹೋಗಿಬಿಡುತ್ತದೆ. ದೊಡ್ಡದಾದರೆ ಹೊರಗಿನ ಪದರವೇ ಒಳಗಿನದಕ್ಕೆ ಕಂಬಳಿ. ಒಣಗಿದರೆ ನೀರು ಹಾಕಬೇಕು, ಒಳಗೆ ಗಾಳಿ ಆಡಬೇಕು. ಇದನ್ನೆಲ್ಲ ನೋಡಿಕೊಳ್ಳಲು ಮನುಷ್ಯ ಅಲ್ಲೇ ಇರಬೇಕು. ಪ್ಯಾಂ ತಮ್ಮ ಗುಡ್ಡೆಯ ಪಕ್ಕದಲ್ಲೇ ಇದ್ದರು. ನನ್ನ ರಜೆ ಮುಗಿದಿತ್ತು. ದುಡ್ಡು ಕಳಿಸಬಹುದು, ಗೀಸರ್ ಕಳಿಸಬಹುದು, ಈ ಕೆಲಸವನ್ನು ಇಲ್ಲಿಂದ ಮಾಡಲು ಆಗುವುದಿಲ್ಲ.

ಅಮ್ಮ ಈಗ ಮತ್ತೆ ಹಂಡೆಗೇ ಬೆಂಕಿ ಹಾಕುತ್ತಿದ್ದಾರೆ. ತಣ್ಣಗಾದ ಆ ಗುಡ್ಡೆಯನ್ನು ಮಾತ್ರ ಬಿಸಾಡಲಿಲ್ಲ, ಅಡಿಕೆ ಗಿಡದ ಬುಡಕ್ಕೆ ಹಾಕಿಸಿದರಂತೆ. ಕಾಂಟ್ರಾಕ್ಟ್ ಮುಗಿಸಿ ಪೂರ್ತಿ ಊರಿಗೆ ಹೋದ ಮೇಲೆ, ಈ ಸಲ ದೊಡ್ಡದಾಗಿಯೇ ಕಟ್ಟಬೇಕು ಅಂತಿದ್ದೇನೆ. ನಿಮ್ಮಲ್ಲಿ ಯಾರಾದರೂ ಊರಿನಲ್ಲೇ ನೆಲೆ ನಿಲ್ಲಲು ಹೊರಟಿದ್ದರೆ ನನಗಿಂತ ಮೊದಲು ಮಾಡಿ, ಹೇಗಾಯಿತು ಅಂತ ತಿಳಿಸಿ.