72ರ ವಯಸ್ಸಿನಲ್ಲಿ ತನಗೆ ತಾನೇ ಇಂಜೆಕ್ಷನ್ ಚುಚ್ಚಿಕೊಂಡ ವೈದ್ಯ

ಅರವತ್ತು ದಾಟಿದ ಮೇಲೆ ಸುಸ್ತು, ಊಟವಾದ ಕೂಡಲೇ ತೂಕಡಿಕೆ, ಲೈಂಗಿಕ ಆಸಕ್ತಿ ಇಲ್ಲ. ನಿಮಗೋ ನಿಮ್ಮ ಮನೆಯ ಹಿರಿಯರಿಗೋ ಹೀಗಾಗುತ್ತಿದ್ದರೆ, ಗಂಡಸರ ಹಾರ್ಮೋನು ಕಡಿಮೆಯಾಗಿದೆ, ಒಂದು ಇಂಜೆಕ್ಷನ್ ತಗೊಂಡರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿರಬಹುದು. ಈ ಆಸೆ ಹಳೆಯದು. ಅದನ್ನು ಲೋಕಕ್ಕೆ ಹಚ್ಚಿದವರು ಚಾರ್ಲ್ಸ್-ಎದುವಾರ್ ಬ್ರೌನ್-ಸೆಕಾರ್.

ಅವರು ಹುಟ್ಟಿದ್ದು 1817ರಲ್ಲಿ, ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ. ಅಮೆರಿಕದ ಹಡಗಿನ ಕಪ್ತಾನನಾಗಿದ್ದ ತಂದೆ ಮಗನ ಮುಖ ನೋಡುವ ಮೊದಲೇ ತೀರಿಕೊಂಡಿದ್ದರು. ಫ್ರೆಂಚ್ ಮನೆತನದ ತಾಯಿ ಬಡತನದಲ್ಲೇ ಬೆಳೆಸಿದರು. ಪ್ಯಾರಿಸ್‌ಗೆ ಹೋಗಿ 1846ರಲ್ಲಿ ವೈದ್ಯರಾದರು. ಬೆನ್ನುಹುರಿಯ ಅರ್ಧಭಾಗಕ್ಕೆ ಪೆಟ್ಟಾದರೆ ಆ ಬದಿಯ ಕೈಕಾಲಿನ ಶಕ್ತಿ ಹೋಗುತ್ತದೆ, ನೋವಿನ ಅರಿವು ಮಾತ್ರ ಎದುರು ಬದಿಯಲ್ಲಿ ಹೋಗುತ್ತದೆ ಎಂಬುದನ್ನು ವಿವರಿಸಿದರು. ಆ ಸ್ಥಿತಿಗೆ ಇವತ್ತಿಗೂ ಅವರದೇ ಹೆಸರು. ಅಡ್ರಿನಲ್ ಗ್ರಂಥಿಯಿಲ್ಲದೆ ಪ್ರಾಣಿ ಬದುಕುವುದಿಲ್ಲ ಎಂದು 1856ರಲ್ಲಿ ಹೇಳಿದವರೂ ಅವರೇ. ಲಂಡನ್, ಹಾರ್ವರ್ಡ್, ಕೊನೆಗೆ 1878ರಲ್ಲಿ ಕ್ಲಾಡ್ ಬರ್ನಾರ್ಡ್ ಅವರ ನಂತರ ಪ್ಯಾರಿಸ್‌ನ ಕಾಲೇಜ್ ದ ಫ್ರಾನ್ಸ್‌ನಲ್ಲಿ ಪ್ರೊಫೆಸರ್. ತನ್ನ ಮೈಮೇಲೇ ಪ್ರಯೋಗ ಮಾಡಿಕೊಳ್ಳುವುದು ಈ ಮನುಷ್ಯನ ಹುಟ್ಟುಗುಣ ಅನ್ನಬೇಕು.

1889ರ ಜೂನ್ 1ರಂದು ಪ್ಯಾರಿಸ್‌ನ ಜೀವಶಾಸ್ತ್ರ ಸಂಘದಲ್ಲಿ ಎದ್ದು ನಿಂತಾಗ ಅವರಿಗೆ 72. ನಾಯಿ ಮತ್ತು ಗಿನಿಪಿಗ್‌ಗಳ ವೃಷಣವನ್ನು ಅರೆದು, ನೀರು ಬೆರೆಸಿ ಸೋಸಿದ ರಸವನ್ನು ಹಲವು ಬಾರಿ ಚರ್ಮದಡಿಗೆ ಚುಚ್ಚಿಕೊಂಡಿದ್ದಾಗಿ ತಿಳಿಸಿದರು. ಪ್ರಯೋಗಾಲಯದಲ್ಲಿ ಗಂಟೆಗಟ್ಟಲೆ ನಿಲ್ಲಬಲ್ಲೆ, ಮೆಟ್ಟಿಲನ್ನು ಬೇಗ ಹತ್ತಬಲ್ಲೆ, ಮುಂಗೈ ಬಲ ಹೆಚ್ಚಿದೆ, ಮಲಬದ್ಧತೆ ಕಡಿಮೆಯಾಗಿದೆ ಎಂಬುದು ಅವರ ವರದಿ. ಇಂಜೆಕ್ಷನ್ ನಿಲ್ಲಿಸಿ ಕೆಲವು ವಾರಗಳಲ್ಲಿ ಹಳೆಯ ಸುಸ್ತು ಮರಳಿತೆಂದೂ ಬಚ್ಚಿಡದೆ ಹೇಳಿದರು. ಅವರು ಈ ರಸವನ್ನು ವೈದ್ಯರಿಗೆ ಪುಕ್ಕಟೆ ಕೊಟ್ಟರೆ, ವ್ಯಾಪಾರಿಗಳು ಯೌವನದ ಔಷಧ ಎಂದು ಮಾರಿದರು.

ಫಾರ್ಮಸಿ ಓದಿದ ನನಗೆ ಇಲ್ಲಿ ಎರಡು ತೊಡಕು ಕಾಣುತ್ತವೆ. ಟೆಸ್ಟೋಸ್ಟಿರಾನ್ ಎಣ್ಣೆಯಲ್ಲಿ ಕರಗುವ ವಸ್ತು, ನೀರಿಗೆ ಬರುವುದು ತೀರಾ ಅಲ್ಪ. ಅಲ್ಲದೆ ವೃಷಣ ಅದನ್ನು ಕೂಡಿಡುವುದಿಲ್ಲ; ತಯಾರಾದ ಹಾಗೆಯೇ ರಕ್ತಕ್ಕೆ ಬಿಡುತ್ತದೆ. 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದೇ ವಿಧಾನದಲ್ಲಿ ರಸ ತಯಾರಿಸಿ ಅಳೆದಾಗ ಸಿಕ್ಕ ಹಾರ್ಮೋನು ಏನೂ ಪರಿಣಾಮ ಮಾಡದಷ್ಟು ಕಡಿಮೆ. ಬಂದ ಚೈತನ್ಯ ನಂಬಿಕೆಯಿಂದಲೇ ಬಂದದ್ದಿರಬೇಕು. ಆದರೆ ಅಂಗಗಳು ರಕ್ತಕ್ಕೆ ಏನೋ ಬಿಡುತ್ತವೆ, ಅದನ್ನು ಹೊರಗಿನಿಂದ ತುಂಬಬಹುದು ಎಂಬ ಅವರ ಮೂಲ ವಿಚಾರ ಸರಿಯಿತ್ತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರಿ ಕುರಿಯ ಥೈರಾಯ್ಡ್ ರಸದಿಂದ ರೋಗಿಯೊಬ್ಬರನ್ನು ಚೇತರಿಸಿದರು. ಟೆಸ್ಟೋಸ್ಟಿರಾನ್ ಕೈಗೆ ಸಿಕ್ಕಿದ್ದು 1935ರಲ್ಲಿ. ಬ್ರೌನ್-ಸೆಕಾರ್ 1894ರಲ್ಲೇ ತೀರಿಕೊಂಡಿದ್ದರು.

ಹಾಗಾಗಿ ಇಂಜೆಕ್ಷನ್ ನಂತರ ಎರಡು ವಾರ ಚುರುಕಾದ ಅನುಭವ ಕಾಯಿಲೆ ಏನೆಂಬುದನ್ನು ಹೇಳುವುದಿಲ್ಲ, ರಕ್ತಪರೀಕ್ಷೆ ಬೇಕು. ಬೆಳಗ್ಗೆ, ಸಾಧ್ಯವಾದರೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ. ಎರಡರಲ್ಲೂ ಕಡಿಮೆ ಬಂದು ಲಕ್ಷಣಗಳೂ ಇದ್ದರೆ ಮಾತ್ರ ವೈದ್ಯರು ಚಿಕಿತ್ಸೆಯ ಮಾತೆತ್ತುತ್ತಾರೆ. ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಖಿನ್ನತೆಯೂ ಕಾರಣವಿರಬಹುದು. ನಡೆದರೆ ಏದುಸಿರು, ಎದೆನೋವು ಬಂದರೆ ಮೊದಲು ಹೃದಯದ ತಪಾಸಣೆ. ಚಿಕಿತ್ಸೆ ಶುರುವಾದರೆ ರಕ್ತ ಗಟ್ಟಿಯಾಗುತ್ತಿದೆಯೇ, ಪ್ರಾಸ್ಟೇಟ್ ಹೇಗಿದೆ ಎಂದು ಆಗಾಗ ನೋಡಬೇಕಾಗುತ್ತದೆ. ಮಕ್ಕಳು ಬೇಕೆನ್ನುವವರು ಅದನ್ನು ಮೊದಲೇ ಹೇಳಿ, ಈ ಹಾರ್ಮೋನು ವೀರ್ಯಾಣು ಉತ್ಪತ್ತಿಯನ್ನು ತಗ್ಗಿಸುತ್ತದೆ. ವೈದ್ಯರ ಬಳಿ ಹೋಗುವಾಗ ನುಂಗುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ: ಟ್ರಾಮಡಾಲ್‌ನಂಥ ನೋವಿನ ಮಾತ್ರೆ, ಬಹುಕಾಲದ ಸ್ಟೀರಾಯ್ಡ್ ಕೂಡ ಟೆಸ್ಟೋಸ್ಟಿರಾನ್ ಇಳಿಸಬಲ್ಲವು.