ಎಳೆಯರ ಬೋಧಕನಾದ ಕೊಮೇನಿಯಸನ ಚರಿತ್ರೆ

ಸಭೆಯ ಪೂರ್ವಿಕರಲ್ಲಿ ಕೆಲವರು ತಮ್ಮ ಪ್ರಸಂಗಗಳಿಂದಲೂ, ಕೆಲವರು ತಮ್ಮ ರಕ್ತಸಾಕ್ಷಿಯಿಂದಲೂ ಹೆಸರುಗೊಂಡಿದ್ದಾರೆ. ಈ ಸಾರಿ ನಾವು ನಮ್ಮ ವಾಚಕರಿಗೆ ತಿಳಿಸಬೇಕೆಂದಿರುವ ದೇವಭಕ್ತನಾದರೋ ಓದು ಬಾರದವರ ಬಳಿಯಲ್ಲಿ ಕೂತು, ಅವರು ಕೇಳುವ ಚಿಕ್ಕ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಕೊಡುವದನ್ನು ದೊಡ್ಡ ಸೇವೆಯೆಂದು ಎಣಿಸಿದವನು. ಅವನ ಹೆಸರು ಯೋಹಾನ ಆಮೋಸ ಕೊಮೇನಿಯಸ್. ಅವನು 1592ನೇ ಇಸವಿ ಮಾರ್ಚ್ 28ರಲ್ಲಿ, ಯೂರೋಪಿನ ನಡುವೆ ಇರುವ ಮೊರಾವ್ಯ ಸೀಮೆಯಲ್ಲಿ ಹುಟ್ಟಿದನು. ಅವನ ತಂದೆತಾಯಿಗಳು ಸಹೋದರರ ಐಕ್ಯಸಭೆಗೆ ಸೇರಿದವರು. ಈ ಸಭೆಯು ಲೂಥರನು ಹುಟ್ಟುವದಕ್ಕಿಂತ ಮುಂಚೆಯೇ, 1457ರ ಸುಮಾರಿಗೆ, ಯೋಹಾನ ಹುಸ್ಸನ ಬೋಧನೆಯಿಂದ ಎಚ್ಚತ್ತವರಲ್ಲಿ ಹುಟ್ಟಿದ್ದು.

ಕೊಮೇನಿಯಸನು ಹನ್ನೆರಡು ವರುಷದವನಾದಾಗ ಅವನ ತಂದೆಯು ತೀರಿಹೋದನು. ಸ್ವಲ್ಪ ಕಾಲದೊಳಗೆ ತಾಯಿಯೂ ಅಕ್ಕತಂಗಿಯರಲ್ಲಿ ಇಬ್ಬರೂ ಗತಿಸಿದರು. ಹುಡುಗನು ಅತ್ತೆಯ ಮನೆಯಲ್ಲಿ ಬೆಳೆದನು. ಅವನ ಓದಿನ ವಿಷಯವಾಗಿ ಆತುರಪಡುವವರು ಯಾರೂ ಇರಲಿಲ್ಲ. ಹೀಗಿರಲಾಗಿ ಅವನು ಲತೀನ ಶಾಲೆಯ ಬಾಗಿಲನ್ನು ಮೆಟ್ಟಿದಾಗ ಅವನಿಗೆ ಹದಿನಾರು ವರುಷ. ತನಗಿಂತ ಬಹು ಚಿಕ್ಕವರಾದ ಹುಡುಗರ ಸಂಗಡ ಕೂತು ಅವನು ಮೊದಲಿನಿಂದ ಕಲಿಯಬೇಕಾಯಿತು. ಆ ಕಾಲದ ಶಾಲೆಗಳಲ್ಲಿ ಲತೀನ ವ್ಯಾಕರಣದ ಸೂತ್ರಗಳನ್ನು ಲತೀನ ಭಾಷೆಯಲ್ಲಿಯೇ ಬಾಯಿಪಾಠ ಮಾಡಿಸುತ್ತಿದ್ದರು. ಅಂದರೆ ತಿಳಿಯದ ಭಾಷೆಯನ್ನು ಅದೇ ತಿಳಿಯದ ಭಾಷೆಯಿಂದ ಕಲಿಸುತ್ತಿದ್ದರು. ತಪ್ಪಿದವರಿಗೆ ಬೆತ್ತವು ಸಿದ್ಧವಾಗಿತ್ತು. ಚಿಕ್ಕ ಹುಡುಗರು ಇದನ್ನೆಲ್ಲಾ ವಿಚಾರಿಸದೆ ಸಹಿಸುವರು; ಪ್ರಾಯಕ್ಕೆ ಬಂದವನಾದರೋ ಯಾಕೆ ಹೀಗೆ ಎಂದು ಮನಸ್ಸಿನಲ್ಲಿ ಕೇಳಿಕೊಳ್ಳುವನು. ತಡವಾಗಿ ಕಲಿತದ್ದು ಅವನಿಗೆ ನಷ್ಟವಾಗಿ ತೋರಿದರೂ ಸಭೆಗೂ ಲೋಕಕ್ಕೂ ಲಾಭವಾಯಿತೆಂದು ನಾವು ಎಣಿಸುತ್ತೇವೆ. ಕಲಿಯುವವನ ಕಷ್ಟವನ್ನು ಅವನು ಸಾಯುವ ತನಕ ಮರೆಯಲಿಲ್ಲ.

ತರುವಾಯ ಅವನು ಜರ್ಮನ್ ದೇಶದ ಹೆರ್ಬೋರ್ನ್, ಹೈಡೆಲ್‌ಬೆರ್ಗ್ ಪಟ್ಟಣಗಳಲ್ಲಿ ದೇವಶಾಸ್ತ್ರವನ್ನು ಓದಿ ಸ್ವದೇಶಕ್ಕೆ ತಿರಿಗಿ ಬಂದನು. 1616ರಲ್ಲಿ ಬೋಧಕನ ಹಸ್ತಾರ್ಪಣವನ್ನು ಹೊಂದಿ, ಎರಡು ವರುಷಗಳ ಮೇಲೆ ಫುಲ್ನೆಕ್ ಎಂಬ ಊರಿನ ಸಭಾಪಾಲನೆಯನ್ನೂ ಶಾಲೆಯನ್ನೂ ವಹಿಸಿಕೊಂಡನು. ಆದರೆ ಆ ಸಮಾಧಾನವು ಬಹಳ ದಿನ ನಿಲ್ಲಲಿಲ್ಲ. 1620ರ ನವೆಂಬರ್ 8ರಲ್ಲಿ ಪ್ರಾಗ್ ನಗರದ ಹತ್ತಿರ ಪ್ರೊಟೆಸ್ಟಂಟರ ದಂಡು ಸೋತುಹೋಯಿತು. ಸಹೋದರರ ಸಭೆಯ ಬೋಧಕರಿಗೆ ಅಡಗಿಕೊಳ್ಳುವ ಕಾಲವು ಬಂತು. ಫುಲ್ನೆಕ್ ಊರು ಸೂರೆಯಾಯಿತು, ಅವನ ಪುಸ್ತಕಗಳು ನಾಶವಾದವು. 1622ರಲ್ಲಿ ಅವನ ಹೆಂಡತಿಯೂ ಇಬ್ಬರು ಚಿಕ್ಕ ಮಕ್ಕಳೂ ವ್ಯಾಧಿಯಿಂದ ಸತ್ತರು. 1628ರಲ್ಲಿ ಅವನು ಅನೇಕ ವಿಶ್ವಾಸಿಗಳ ಸಂಗಡ ದೇಶಬಿಟ್ಟು ಪೋಲೆಂಡಿನ ಲೆಷ್ನೋ ಎಂಬ ಊರನ್ನು ಸೇರಿದನು. ಸ್ವದೇಶದಲ್ಲಿ ವಾಸಮಾಡುವ ಭಾಗ್ಯವು ಪುನಃ ಅವನಿಗೆ ದೊರೆಯಲಿಲ್ಲ.

ಎಲ್ಲವನ್ನೂ ಕಳಕೊಂಡ ಮನುಷ್ಯನು ಪರಸ್ಥಳದಲ್ಲಿ ಏನು ಮಾಡಿದನು? ಶಾಲೆಯಲ್ಲಿ ಹುಡುಗರಿಗೆ ಕಲಿಸಿದನು. ಕಲಿಸುವ ಕ್ರಮದ ವಿಷಯದಲ್ಲಿ ಒಂದು ದೊಡ್ಡ ಗ್ರಂಥವನ್ನು ಸ್ವಭಾಷೆಯಲ್ಲಿ ಬರೆದನು. ಇದು ಲತೀನಿನಲ್ಲಿ ಮಹಾ ಬೋಧನಕ್ರಮವೆಂಬ ಅರ್ಥವುಳ್ಳ ಹೆಸರಿನಿಂದ 1657ರಲ್ಲಿ ಅಚ್ಚಾಯಿತು. ಐಶ್ವರ್ಯವಂತರ ಮಕ್ಕಳಿಗೆ ಮಾತ್ರವಲ್ಲ, ಬಡವರಿಗೂ ಹಳ್ಳಿಯವರಿಗೂ ಹೆಣ್ಣುಮಕ್ಕಳಿಗೂ ಓದು ಬೇಕೆಂದು ಅವನು ಅದರಲ್ಲಿ ವಾದಿಸಿದನು. ಮಂದಬುದ್ಧಿಯವರಿಂದ ಏನಾದೀತು ಎಂದು ಕೇಳುವವರಿಗೆ ಅವನು ಜರಡಿಯ ಹೋಲಿಕೆಯಿಂದ ಉತ್ತರ ಕೊಟ್ಟನು. ಜರಡಿಯಲ್ಲಿ ನೀರು ನಿಲ್ಲಲಾರದು. ಆದಾಗ್ಯೂ ಪದೇ ಪದೇ ಅದರ ಮೇಲೆ ನೀರು ಹೊಯ್ದರೆ ಜರಡಿಯು ಶುಚಿಯಾಗುತ್ತಾ ಬರುವದು. ಓದಿನಲ್ಲಿ ಹಿಂದೆ ಬಿದ್ದವನನ್ನು ಹೊಡೆಯುವ ಉಪಾಧ್ಯಾಯನಿಗೆ ಬೇರೊಂದು ಹೋಲಿಕೆಯನ್ನು ತೋರಿಸಿದನು. ವೀಣೆಯ ಶ್ರುತಿ ಕೆಟ್ಟರೆ ಬಾರಿಸುವವನು ಅದನ್ನು ದೊಣ್ಣೆಯಿಂದ ಬಡಿಯುವದಿಲ್ಲ, ತಂತಿಯನ್ನು ಸರಿಮಾಡುವನಷ್ಟೇ.

ಆ ಗ್ರಂಥದೊಳಗೆ ನಮಗೆ ಬಹು ಬೆಲೆಯುಳ್ಳದ್ದಾಗಿ ಕಾಣುವ ಚಿಕ್ಕ ನಿಯಮವೊಂದುಂಟು. ಪಾಠವು ಮುಗಿದ ಮೇಲೆ ಶಿಷ್ಯರಿಗೆ ಪ್ರಶ್ನೆಕೇಳಲು ಸಮಯ ಕೊಡಬೇಕು. ಆ ದಿನದ ಪಾಠವಾಗಲಿ ಹಿಂದಿನ ಪಾಠವಾಗಲಿ, ತಿಳಿಯದ್ದನ್ನು ಎಲ್ಲರ ಮುಂದೆಯೇ ಕೇಳಬಹುದು. ಒಬ್ಬನಿಗೆ ಕೊಟ್ಟ ಉತ್ತರವು ಎಲ್ಲರಿಗೂ ಪ್ರಯೋಜನವಾಗುವದು. ಒಳ್ಳೇ ಪ್ರಶ್ನೆ ಕೇಳಿದವನನ್ನು ಉಪಾಧ್ಯಾಯನು ಹೊಗಳಬೇಕು. ಗುರುವು ಕೇಳುವದು, ಶಿಷ್ಯನು ಬೆದರುತ್ತಾ ಒಪ್ಪಿಸುವದು ಎಂಬ ಪದ್ಧತಿಯಲ್ಲಿ ಬೆಳೆದ ಜನರಿಗೆ ಇದು ತಲೆಕೆಳಗಾದ ಮಾತಾಗಿ ತೋರಿರಬೇಕು.

ಸಂಜೆಯ ಪಾಠಗಳನ್ನು ನಡಿಸುವ ನಮ್ಮ ಉಪದೇಶಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ಬೇಡುತ್ತೇವೆ. ದೀಕ್ಷಾಸ್ನಾನಕ್ಕೆ ಸಿದ್ಧಳಾಗುವ ಮುದುಕಿಯೊಬ್ಬಳು, ಈ ಪಿಲಾತನು ಯಾರು, ವಿಶ್ವಾಸಪ್ರಮಾಣದಲ್ಲಿ ಅವನ ಹೆಸರು ಯಾಕೆ ಬಂತು ಎಂದು ಕೇಳಿದರೆ, ಬಳಿಯಲ್ಲಿ ಕೂತವರು ನಗುವದುಂಟು. ಉಪದೇಶಿಯ ಮುಖವು ಗಂಟಾಗುವದುಂಟು. ಮಾರನೇ ದಿನ ಅವಳು ಬರುವಳು, ಆದರೆ ಬಾಯಿ ತೆರೆಯಳು. ಆಮೇಲೆ ಹೊಲದ ಕೆಲಸವುಂಟೆಂದು ಹೇಳಿ ಬಾರದೆಯೂ ಹೋಗಬಹುದು. ಒಂದು ಆತ್ಮವು ಸುವಾರ್ತೆಯ ಬಾಗಿಲಿಂದ ಹಿಂತಿರುಗುವದಕ್ಕೆ ಒಂದು ನಗೆಯು ಸಾಕು. ಅದಲ್ಲದೆ ಆ ಪ್ರಶ್ನೆಯು ಅಲ್ಪವಾದದ್ದೋ? ಕರ್ತನ ಶ್ರಮೆಯು ಕಟ್ಟುಕಥೆಯಲ್ಲ, ಇಂಥ ಅಧಿಪತಿಯ ಕಾಲದಲ್ಲಿ ಭೂಮಿಯ ಮೇಲೆ ನಡೆದದ್ದು ಎಂದು ಆ ಹೆಸರು ಸಾಕ್ಷಿಕೊಡುತ್ತದೆ. ಪಂಡಿತರು ದೊಡ್ಡ ಪುಸ್ತಕಗಳಲ್ಲಿ ವಿಚಾರಿಸುವದನ್ನೇ ಆ ಮುದುಕಿಯು ಚಾಪೆಯ ಮೇಲೆ ಕೂತು ವಿಚಾರಿಸಿದಳು.

1631ರಲ್ಲಿ ಕೊಮೇನಿಯಸನು ಲತೀನ ಭಾಷೆಗೆ ಬಾಗಿಲಾಗಿರುವ ಒಂದು ಪಾಠಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ಒಂದು ಸಾವಿರ ವಾಕ್ಯಗಳು. ಲೋಕದ ವಸ್ತುಗಳೂ ಕೆಲಸಗಳೂ ನೂರು ಅಧ್ಯಾಯಗಳಲ್ಲಿ ಹೇಳಲ್ಪಟ್ಟಿದ್ದವು. ಅದು ಅನೇಕ ಭಾಷೆಗಳಿಗೆ ತಿರುಗಿಸಲ್ಪಟ್ಟು ಅವನ ಹೆಸರು ಎಲ್ಲೆಲ್ಲಿಯೂ ಹಬ್ಬಿತು. 1641ರಲ್ಲಿ ಇಂಗ್ಲೆಂಡಿನವರು ಅವನನ್ನು ಕರೆಸಿದರು; ಮರುವರುಷ ಸ್ವೀಡನಿನವರು ಕರೆದರು. 1648ರಲ್ಲಿ ಅವನು ತನ್ನ ಚದರಿದ ಸಭೆಗೆ ಬಿಷಪನಾದನು. ಅದೇ ವರುಷದ ಸಂಧಾನದಲ್ಲಿ ಅರಸರು ತಮ್ಮ ತಮ್ಮ ಸೀಮೆಗಳನ್ನು ಹಂಚಿಕೊಂಡರೇ ಹೊರತು, ಸಹೋದರರು ಸ್ವದೇಶಕ್ಕೆ ತಿರಿಗಿ ಹೋಗುವ ದಾರಿಯನ್ನು ತೆರೆಯಲಿಲ್ಲ.

1650ರಿಂದ 1654ರ ವರೆಗೆ ಅವನು ಹಂಗೇರಿಯ ಶಾರೋಷ್‌ಪಟಾಕ್ ಎಂಬ ಊರಿನ ಶಾಲೆಯನ್ನು ತಿದ್ದುವದಕ್ಕೆ ಪ್ರಯಾಸಪಟ್ಟನು. ಪಾಠಗಳನ್ನು ಆಟದಂತೆ ಮಾಡಿ, ಹುಡುಗರು ಪ್ರಶ್ನೋತ್ತರವಾಗಿ ಆಡಿ ತೋರಿಸುವ ಹಾಗೆ ಬರೆದು ಕೊಟ್ಟನು. ಅಲ್ಲಿಯ ಉಪಾಧ್ಯಾಯರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಅಲ್ಲಿಯೇ ಅವನು ಸಿದ್ಧಮಾಡಿದ ಚಿತ್ರಗಳ ಪುಸ್ತಕವು 1658ರಲ್ಲಿ ನ್ಯೂರ್ನ್‌ಬೆರ್ಗಿನಲ್ಲಿ ಅಚ್ಚಾಗಿ ಬಂತು. ನೂರೈವತ್ತು ಪಾಠಗಳು, ಅವುಗಳಿಗೆ ಚಿತ್ರಗಳು; ಚಿತ್ರದೊಳಗಿನ ವಸ್ತುವಿಗೂ ಅದರ ಹೆಸರಿಗೂ ಒಂದೇ ಅಂಕೆ. ಅಕ್ಷರಗಳನ್ನು ಕಾಗೆಯ ಕೂಗಿನಿಂದಲೂ ಕುರಿಮರಿಯ ಕೂಗಿನಿಂದಲೂ ಕಲಿಸಿದ್ದಾನೆ. ಪುಸ್ತಕವು ದೇವರಿಂದ ಆರಂಭವಾಗಿ, ಆಕಾಶ, ಬೆಂಕಿ, ಮರ, ದನ, ನೇಗಿಲು, ರೊಟ್ಟಿ ಸುಡುವವನು ಮೊದಲಾದ ಎಲ್ಲವನ್ನೂ ಹಾದು ಕಡೇ ನ್ಯಾಯತೀರ್ಪಿನಲ್ಲಿ ಮುಗಿಯುತ್ತದೆ. ಇವೆಲ್ಲಕ್ಕೂ ಮುಂದಾಗಿ, ಮೊದಲನೇ ಪುಟದಲ್ಲಿ, ಗುರುವು ಹುಡುಗನನ್ನು ಜ್ಞಾನ ಕಲಿಯಲು ಕರೆಯುತ್ತಾನೆ. ಹುಡುಗನು ಕೂಡಲೆ ಹಿಂಬಾಲಿಸದೆ, ಜ್ಞಾನವೆಂದರೆ ಏನು ಎಂದು ವಿಚಾರಿಸುತ್ತಾನೆ. ಗುರುವು ಅವನನ್ನು ಗದರಿಸದೆ ಮೂರು ಚಿಕ್ಕ ಮಾತುಗಳಲ್ಲಿ ಉತ್ತರ ಕೊಡುತ್ತಾನೆ. ಹುಡುಗನು ಪುನಃ ಕೇಳುತ್ತಾನೆ, ಪುನಃ ಉತ್ತರ ಹೊಂದುತ್ತಾನೆ. ಆ ಮೇಲೆಯೇ ಕೈಹಿಡಿದು ಹೊರಡುತ್ತಾನೆ. ಅಕ್ಷರಮಾಲೆಗಿಂತ ಮೊದಲು ಶಿಷ್ಯನ ಪ್ರಶ್ನೆಯನ್ನು ಇಟ್ಟ ಪಾಠಪುಸ್ತಕವು ನಮಗೆ ತಿಳಿದ ಮಟ್ಟಿಗೆ ಅಪರೂಪವೇ.

ಇಷ್ಟರೊಳಗೆ 1656ರಲ್ಲಿ ಲೆಷ್ನೋ ಊರು ಯುದ್ಧದಲ್ಲಿ ಸುಟ್ಟುಹೋಗಿತ್ತು. ಅವನ ಮನೆಯೂ, 1612ರಿಂದ ಕೂಡಿಸುತ್ತಾ ಬಂದ ಸ್ವಭಾಷೆಯ ಶಬ್ದಕೋಶವೂ ಬೂದಿಯಾದವು. ಅವನು ಹಾಲಂಡಿನ ಆಮ್ಸ್ಟರ್‌ಡಾಮಿಗೆ ಹೋಗಿ ಅಲ್ಲಿ ದಯಾಳುಗಳ ಆಶ್ರಯದಲ್ಲಿ ಉಳಿದನು. ಅವನಲ್ಲಿ ಕುಂದೇ ಇರಲಿಲ್ಲವೆಂದು ನಾವು ಹೇಳುವದಿಲ್ಲ. ತನ್ನ ಜನರ ಬಿಡುಗಡೆಯನ್ನು ಮುಂತಿಳಿಸಿದೆವೆನ್ನುವ ಕೆಲವರ ಕನಸುದರ್ಶನಗಳನ್ನು ಅವನು ಬಲವಾಗಿ ನಂಬಿ ಅಚ್ಚುಹಾಕಿಸಿದನು. ಅವು ನೆರವೇರಲಿಲ್ಲ, ವಿರೋಧಿಗಳು ಪರಿಹಾಸ್ಯಮಾಡಿದರು. ಎಳೆಯರ ಮಾತನ್ನು ತಾಳ್ಮೆಯಿಂದ ಕೇಳುವ ಕಿವಿಯು ಕೆಲವು ಸಾರಿ ಎಲ್ಲರ ಮಾತನ್ನೂ ಕೇಳುವದು.

1670ನೇ ಇಸವಿ ನವೆಂಬರ್ 15ರಲ್ಲಿ ಅವನು ನಿದ್ರೆಹೋದನು. ಅವನ ಶರೀರವನ್ನು ನಾರ್ಡೆನ್ ಊರಿನಲ್ಲಿ ಹೂಣಿಟ್ಟರು. ಎಲ್ಲಾ ಮನುಷ್ಯರೂ, ಎಲ್ಲಾ ವಯಸ್ಸಿನವರೂ, ಮುದುಕರು ಕೂಡ ಕಲಿಯುತ್ತಿರಬೇಕೆಂದು ಅವನು ಬರೆಯುತ್ತಿದ್ದ ಕಡೇ ದೊಡ್ಡ ಗ್ರಂಥವು ಮುಗಿಯದೆ ಉಳಿಯಿತು. ಅದರ ಕೈಬರಹವು ಜರ್ಮನ್ ದೇಶದ ಹಾಲ್ಲೆ ಪಟ್ಟಣದಲ್ಲಿ ಫ್ರಾಂಕನು ಸ್ಥಾಪಿಸಿದ ಅನಾಥಶಾಲೆಯ ಪುಸ್ತಕಾಲಯವನ್ನು ಸೇರಿತು. ಅದೇ ಹಾಲ್ಲೆಯಲ್ಲಿ ಓದಿದ ಚೀಗನ್‌ಬಾಲ್ಗನು 1706ರಲ್ಲಿ ತರಂಗಂಬಾಡಿಗೆ ಬಂದು, ತಮಿಳು ಹುಡುಗರ ಸಂಗಡ ಮರಳಿನಲ್ಲಿ ಬೆರಳಿಟ್ಟು ಅಕ್ಷರ ಕಲಿತನು. ಕೊಮೇನಿಯಸನ ಆ ಕೈಬರಹವಾದರೋ ಯಾರಿಗೂ ತಿಳಿಯದೆ ಕಪಾಟಿನಲ್ಲಿದ್ದು, 1935ರ ಸುಮಾರಿಗೆ ಒಬ್ಬ ಪಂಡಿತನ ಕಣ್ಣಿಗೆ ಬಿತ್ತು.